ಮತ್ಸ್ಯನ್ಯಾಯವೂ ಗಾಜಿನ ಗೋಡೆಯೂ

ಬಲವುಳ್ಳದ್ದು ಬಲವಿಲ್ಲದ್ದನ್ನು ನುಂಗುವ ಸ್ಥಿತಿಗೆ ಪ್ರಾಚೀನರು ಮತ್ಸ್ಯನ್ಯಾಯವೆಂದು ಹೆಸರಿಟ್ಟರು. ಅರಸನಿಲ್ಲದ ನಾಡಿನಲ್ಲಿ ಪ್ರಜೆಗಳು ನೀರಿನೊಳಗಣ ಮೀನುಗಳಂತೆ ಒಬ್ಬರನ್ನೊಬ್ಬರು ಭಕ್ಷಿಸಿ ನಾಶವಾದರೆಂದು ಮಹಾಭಾರತದ ಶಾಂತಿಪರ್ವವು ಹೇಳುತ್ತದೆ. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವೂ ಅದೇ ಮಾತನ್ನಾಡಿ, ಮತ್ಸ್ಯನ್ಯಾಯದಿಂದ ನೊಂದ ಪ್ರಜೆಗಳು ವೈವಸ್ವತ ಮನುವನ್ನು ಅರಸನನ್ನಾಗಿ ಮಾಡಿಕೊಂಡರೆಂದು ತಿಳಿಸುತ್ತದೆ. ರಾಜನೀತಿಯನ್ನು ಕುರಿತು ಬರೆದವರು ಈ ಉಪಮೆಯನ್ನು ಮತ್ತೆ ಮತ್ತೆ ಬಳಸಿದ್ದಾರೆ. ಉಪಮಾನವಾದ ಮೀನಿನ ಕಡೆಗೆ ತಿರುಗಿ ನೋಡಿದವರು ಮಾತ್ರ ವಿರಳ.

ಮನುವಿನ ಹೆಸರಿನೊಡನೆ ಇನ್ನೊಂದು ಮೀನಿನ ಕಥೆಯೂ ಸೇರಿಕೊಂಡಿದೆ. ಅದು ಶತಪಥ ಬ್ರಾಹ್ಮಣದಲ್ಲಿ ಬರುವುದು. ಕೈತೊಳೆಯಲೆಂದು ತಂದ ನೀರಿನಲ್ಲಿ ಒಂದು ಕಿರುಮೀನು ಅವನ ಕೈಗೆ ಬಂದಿತು. ತಾನು ಚಿಕ್ಕದಾಗಿರುವವರೆಗೆ ದೊಡ್ಡ ಮೀನುಗಳ ಭಯವು ತಪ್ಪದೆಂದೂ, ಮೊದಲು ಕೊಡದಲ್ಲಿಯೂ, ಕೊಡವು ಸಾಲದಾದಾಗ ಹೊಂಡದಲ್ಲಿಯೂ, ಹೊಂಡವೂ ಸಾಲದಾದಾಗ ಕಡಲಿನಲ್ಲಿಯೂ ತನ್ನನ್ನು ಇರಿಸಬೇಕೆಂದೂ ಅದು ಬೇಡಿಕೊಂಡಿತು. ಮನು ಹಾಗೆಯೇ ನಡೆದನು. ಮುಂದೆ ಬಂದ ಮಹಾಪ್ರವಾಹದಲ್ಲಿ ಆ ಮೀನು ಅವನ ನಾವೆಯನ್ನು ಕಾಪಾಡಿದ ಸಂಗತಿ ಎಲ್ಲರಿಗೂ ಗೊತ್ತು; ಆದರೆ ಕಥೆಯ ಮೊದಲ ಭಾಗವೂ ಅಷ್ಟೇ ಮನನಯೋಗ್ಯವಾದುದು. ಮೀನನ್ನು ಕೈಗೆತ್ತಿಕೊಂಡವನಿಗೆ ಅದರ ಭಯ, ಅದರ ಬೆಳವಣಿಗೆ, ಅದರ ನೆಲೆ, ಈ ಮೂರರ ಹೊಣೆಯೂ ಒಟ್ಟಿಗೆ ಬಂದಿತೆಂಬುದು ಅದರ ತಾತ್ಪರ್ಯ.

ಈ ಹೊಣೆಯು ಪುರಾತನ ಕಥೆಗೆ ಮಾತ್ರ ಸೇರಿದುದಲ್ಲ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯದಲ್ಲಿ ೧೮೫೩ರಲ್ಲಿ ಸಾರ್ವಜನಿಕರಿಗಾಗಿ ಮತ್ಸ್ಯಾಲಯವು ತೆರೆಯಿತು. ಮರುವರ್ಷವೇ ಫಿಲಿಪ್ ಹೆನ್ರಿ ಗಾಸ್ ಎಂಬ ಪ್ರಕೃತಿಶಾಸ್ತ್ರಜ್ಞನು ಈ ವಿಷಯವಾಗಿ ಬರೆದ ಗ್ರಂಥವು ಪ್ರಕಟವಾಗಿ, ಇಂಗ್ಲೆಂಡಿನ ಮನೆಮನೆಯಲ್ಲಿಯೂ ಗಾಜಿನ ತೊಟ್ಟಿಯನ್ನಿಡುವ ಹವ್ಯಾಸವನ್ನು ಹಬ್ಬಿಸಿತು. ಭಾರತದಲ್ಲಿ ಮದರಾಸಿನ ಕಡಲದಂಡೆಯ ಮೇಲೆ ೧೯೦೯ರಲ್ಲಿಯೂ, ಮುಂಬಯಿಯಲ್ಲಿ ತಾರಾಪೊರೆವಾಲಾ ಹೆಸರಿನಲ್ಲಿ ೧೯೫೧ರಲ್ಲಿಯೂ ಇಂತಹ ಆಲಯಗಳು ಏರ್ಪಟ್ಟವು. ವಿದ್ಯುತ್ತಿನಿಂದ ನಡೆಯುವ ಪಂಪು, ಸಿಹಿನೀರಿಗೆ ಬೆರೆಸಿ ಕಡಲ ನೀರನ್ನು ಮಾಡಿಕೊಳ್ಳುವ ಲವಣಮಿಶ್ರಣ, ನೀರನ್ನು ಸೋಸುವ ಉಪಕರಣ, ಇವು ಅಂಗಡಿಯಲ್ಲಿ ದೊರೆಯುವಂತಾದ ಮೇಲೆ ಕಡಲಿನಿಂದ ನೂರಾರು ಮೈಲಿ ದೂರದ ಊರಿನಲ್ಲಿಯೂ, ಪಡಸಾಲೆಯ ಮೂಲೆಯಲ್ಲಿ ಒಂದು ತುಂಡು ಸಮುದ್ರವನ್ನು ನಿಲ್ಲಿಸುವುದು ಸಾಧ್ಯವಾಗಿದೆ.

ಹೀಗೆ ನಿಲ್ಲಿಸಿದವರಲ್ಲಿ ಕೆಲವರಿಗೆ ಸಣ್ಣ ಬಣ್ಣದ ಮೀನುಗಳಿಂದ ತೃಪ್ತಿಯಾಗದು. ರೆಕ್ಕೆಗಳನ್ನು ಬೀಸಣಿಗೆಯಂತೆ ಹರಡಿ, ಬೆನ್ನಿನ ಮುಳ್ಳುಗಳಲ್ಲಿ ವಿಷವನ್ನಿಟ್ಟುಕೊಂಡು ತೇಲುವ ಸಿಂಹಮೀನು. ಕರಾವಳಿಯವರು ಮುರು ಎಂದು ಕರೆಯುವ ಅಗಲಬಾಯಿಯ ಗ್ರೂಪರ್. ಕಲ್ಲಿನ ಸಂದಿಯಿಂದ ತಲೆಯನ್ನಷ್ಟೇ ಹೊರಚಾಚುವ, ಹಾವಿನಂತಹ ಮೊರೇ. ಚಿಪ್ಪನ್ನೂ ಪುಡಿಗುಟ್ಟುವ ಹಲ್ಲುಗಳ ಟ್ರಿಗರ್ ಮೀನು, ಇವು ಅವರಿಗೆ ಪ್ರಿಯವಾದುವು. ಇವೆಲ್ಲವೂ ಬೇಟೆಯಾಡಿ ಬದುಕುವ ಜೀವಿಗಳು. ಇಂತಹ ನಾಲ್ಕನ್ನು ಒಂದು ತೊಟ್ಟಿಯಲ್ಲಿ ಕೂಡಿಸಿದಮೇಲೆ, ಒಂದು ದಿನ ಬೆಳಗಾಗುವುದರೊಳಗೆ ಮೂರೇ ಉಳಿದಿದ್ದರೆ, ಸಾಕಿದವನು ಸಾಮಾನ್ಯವಾಗಿ ಹೇಳುವ ಮಾತೊಂದುಂಟು: ಅದು ಮೀನಿನ ಸ್ವಭಾವ, ಮನುಷ್ಯನು ಮಾಡುವುದೇನು? ಈ ಮಾತು ನಿಜವೇ, ಅಥವಾ ನುಣುಚಿಕೊಳ್ಳುವ ಉಪಾಯವೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೊದಲು ಒಂದು ಭೇದವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಮೀನು ಮೀನನ್ನು ಕೊಲ್ಲುವುದಕ್ಕೆ ಎರಡು ಕಾರಣಗಳುಂಟು. ಒಂದು ಹಸಿವು, ಮತ್ತೊಂದು ಕಲಹ. ಲೋಕವು ಇವೆರಡನ್ನೂ ಕ್ರೌರ್ಯವೆಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಆಸ್ಟ್ರಿಯ ದೇಶದ ಕೊನ್ರಾಡ್ ಲೊರೆಂಟ್ಸ್ ಎಂಬ ಪ್ರಾಣಿಶಾಸ್ತ್ರಜ್ಞನು ೧೯೬೩ರಲ್ಲಿ ಪ್ರಕಟಿಸಿದ, ಆಕ್ರಮಣಪ್ರವೃತ್ತಿಯನ್ನು ಕುರಿತ ಗ್ರಂಥವನ್ನು ಹವಳದ ಬಂಡೆಯ ಮೀನುಗಳಿಂದಲೇ ಆರಂಭಿಸಿದನು. ಕಡಲಿನಲ್ಲಿಯೂ ತನ್ನ ತೊಟ್ಟಿಗಳಲ್ಲಿಯೂ ಅವನು ಕಂಡುದೇನೆಂದರೆ, ಈ ಮೀನುಗಳು ಅನ್ಯಜಾತಿಯವುಗಳಿಗಿಂತ ಸ್ವಜಾತಿಯವುಗಳ ಮೇಲೆಯೇ ಹೆಚ್ಚಾಗಿ ಎರಗುತ್ತವೆ. ಏಕೆಂದರೆ ಅದೇ ಆಹಾರವನ್ನೂ ಅದೇ ಸಂದಿಯನ್ನೂ ಬಯಸುವ ಪ್ರತಿಸ್ಪರ್ಧಿ ಸ್ವಜಾತಿಯದೇ. ಬೇಟೆಯ ಮೇಲೆ ಹಾರುವ ಸಿಂಹದ ಮುಖದಲ್ಲಿ ಕೋಪದ ಚಿಹ್ನೆಯಿರುವುದಿಲ್ಲವೆಂದು ತೋರಿಸಿ, ತಿನ್ನುವುದಕ್ಕಾಗಿ ಕೊಲ್ಲುವುದು ಬೇರೆ, ಕಾದಾಡುವುದು ಬೇರೆ ಎಂದು ಅವನು ವಿಂಗಡಿಸಿದನು. ಅವನ ಇತರ ಸಿದ್ಧಾಂತಗಳನ್ನು ಮುಂದಿನವರು ಬಹಳವಾಗಿ ವಿಮರ್ಶಿಸಿದ್ದಾರೆ. ಈ ವಿಂಗಡಣೆಯಂತೂ ತೊಟ್ಟಿಯ ಮುಂದೆ ತಾಳ್ಮೆಯಿಂದ ಕುಳಿತವನಿಗೆ ತಾನಾಗಿಯೇ ಕಾಣುತ್ತದೆ. ಸಿಂಹಮೀನು ಸಣ್ಣ ಮೀನೊಂದನ್ನು ಮೂಲೆಗೆ ಒತ್ತಿ ಒಮ್ಮೆಗೇ ಹೀರಿ ನುಂಗುವಾಗ ಅದರಲ್ಲಿ ಉದ್ವೇಗವಿಲ್ಲ. ಟ್ರಿಗರ್ ಮೀನು ತನಗಿಂತ ದೊಡ್ಡದರ ರೆಕ್ಕೆಯನ್ನು ಹರಿದುಹಾಕುವಾಗ ಅದಕ್ಕೆ ಹಸಿವಿರುವುದಿಲ್ಲ. ಹರಿದ ರೆಕ್ಕೆಯನ್ನು ಅದು ತಿನ್ನುವುದೂ ಇಲ್ಲ.

ಕಲಹದ ವಿಷಯವನ್ನು ಮೊದಲು ನೋಡಬಹುದು. ಹವಳದ ಬಂಡೆಯಲ್ಲಿ ಒಂದೊಂದು ಮೀನೂ ಒಂದು ಗೂಡನ್ನೂ ಅದರ ಸುತ್ತಣ ಎಲ್ಲೆಯನ್ನೂ ತನ್ನದೆಂದು ಕಾಯುತ್ತದೆ. ಪರಮೀನು ಎಲ್ಲೆಯೊಳಗೆ ಬಂದರೆ ಅಟ್ಟುತ್ತದೆ. ಎಲ್ಲೆಯನ್ನು ದಾಟಿ ಓಡಿದೊಡನೆ ಅಟ್ಟುವುದನ್ನು ನಿಲ್ಲಿಸಿ ಹಿಂದಿರುಗುತ್ತದೆ. ಆದಕಾರಣ ಕಡಲಿನಲ್ಲಿ ಇಂತಹ ಜಗಳಗಳು ಬಹುಮಟ್ಟಿಗೆ ಪಲಾಯನದಲ್ಲಿ ಮುಗಿಯುವುವು. ಮರಣದವರೆಗೆ ಹೋಗುವುದು ಅಪರೂಪ. ಸೋತವನಿಗೆ ಓಡಿಹೋಗಲು ಇಡೀ ಸಮುದ್ರವಿದೆ. ಅದೇ ಎರಡು ಮೀನುಗಳನ್ನು ಆರಡಿ ಉದ್ದದ ತೊಟ್ಟಿಯಲ್ಲಿ ಇರಿಸಿದರೆ ಸ್ಥಿತಿಯು ಬೇರೆಯಾಗುತ್ತದೆ. ತೊಟ್ಟಿಯಷ್ಟನ್ನೂ ಒಂದೇ ಮೀನು ತನ್ನ ಎಲ್ಲೆಯೆಂದು ತಿಳಿಯುತ್ತದೆ. ಸೋತದ್ದು ಓಡುತ್ತದೆ, ಗಾಜಿಗೆ ತಾಗುತ್ತದೆ, ಮತ್ತೆ ಗೆದ್ದದ್ದರ ಕಣ್ಣಿಗೆ ಬೀಳುತ್ತದೆ. ಗೆದ್ದ ಮೀನಿಗೆ, ತನ್ನ ಬೆದರಿಕೆಗೆ ಬಗ್ಗದೆ ನಿಂತ ಶತ್ರುವಿನಂತೆಯೇ ಅದು ತೋರುತ್ತದೆ. ಹೊಡೆತವು ಮೊದಲಿನಷ್ಟೇ, ಸ್ವಭಾವವೂ ಮೊದಲಿನದೇ. ಹೊಸದಾಗಿ ಬಂದುದು ಗೋಡೆಯೊಂದೇ. ಹೀಗಿರಲು ಆ ಸಾವನ್ನು ಮೀನಿನ ಸ್ವಭಾವದ ಲೆಕ್ಕಕ್ಕೆ ಬರೆಯುವುದು ನ್ಯಾಯವಾಗಲಾರದು. ಅದು ಗೋಡೆಯ ಲೆಕ್ಕಕ್ಕೆ, ಎಂದರೆ ಗೋಡೆಯನ್ನು ಕಟ್ಟಿದವನ ಲೆಕ್ಕಕ್ಕೆ, ಸೇರತಕ್ಕದ್ದು.

ಬಲ್ಲವರಾದ ಮತ್ಸ್ಯಪಾಲಕರು ಈ ಹೊಣೆಯನ್ನು ನಿರ್ವಹಿಸುವ ರೀತಿಯಲ್ಲಿ ಒಂದು ನೀತಿಯು ಅಡಗಿದೆ. ಅವರು ಕೋಪಿಷ್ಠ ಮೀನನ್ನು ಶಿಕ್ಷಿಸುವುದಿಲ್ಲ. ಮೀನಿಗೆ ಶಿಕ್ಷೆಯ ಅರ್ಥವೇ ಆಗದು. ಅವರು ಮಾಡುವುದು ವ್ಯವಸ್ಥೆ. ಸಾಧುವಾದ ಮೀನನ್ನು ಮೊದಲು ಬಿಟ್ಟು ಅದು ನೆಲೆಯೂರಿದಮೇಲೆ ಜಗಳಗಂಟಿಯನ್ನು ಕಡೆಯಲ್ಲಿ ಬಿಡುತ್ತಾರೆ. ಒಂದೇ ಜಾತಿಯ, ಒಂದೇ ರೂಪದ ಎರಡನ್ನು ಸೇರಿಸುವುದಿಲ್ಲ. ತೊಟ್ಟಿಯಲ್ಲಿರುವ ಮೀನುಗಳಿಗಿಂತ ಹೆಚ್ಚು ಗುಹೆಗಳಾಗುವಂತೆ ಕಲ್ಲುಗಳನ್ನು ಜೋಡಿಸುತ್ತಾರೆ. ಹೊಸಬನು ಬರುವ ದಿನ ಕಲ್ಲುಗಳನ್ನೆಲ್ಲ ಕದಲಿಸಿ ಬೇರೆ ರೀತಿಯಲ್ಲಿಡುತ್ತಾರೆ; ಹಳಬನಿಗೆ ತನ್ನ ಎಲ್ಲೆಯು ಯಾವುದೆಂದು ತಿಳಿಯದೆ, ಇಬ್ಬರೂ ಹೊಸಬರಾಗಿ ಬಾಳನ್ನು ಆರಂಭಿಸುತ್ತಾರೆ. ಕೆಲವು ದಿನ ನಡುವೆ ರಂಧ್ರಗಳುಳ್ಳ ಪರದೆಯನ್ನಿಟ್ಟು, ಒಂದರ ಇರವನ್ನು ಮತ್ತೊಂದಕ್ಕೆ ರೂಢಿಮಾಡಿಸುವುದೂ ಉಂಟು. ಇಷ್ಟೆಲ್ಲ ಮಾಡಿಯೂ ಒಂದು ಮೀನು ಅಡಗದೆಹೋದರೆ ಅದನ್ನು ಬೇರೆ ತೊಟ್ಟಿಗೆ ಸಾಗಿಸದೆ ಗತ್ಯಂತರವಿಲ್ಲ. ಉಗ್ರವಾದ ದಂಡವು ಪ್ರಜೆಗಳನ್ನು ಬೆದರಿಸುತ್ತದೆ, ಮೃದುವಾದ ದಂಡವು ತಿರಸ್ಕೃತವಾಗುತ್ತದೆ, ಯಥಾಯೋಗ್ಯವಾದುದೇ ಮಾನ್ಯವಾಗುತ್ತದೆ ಎಂಬ ಕೌಟಿಲ್ಯನ ಅಭಿಪ್ರಾಯವು ಇಲ್ಲಿ ಇನ್ನಷ್ಟು ಸೂಕ್ಷ್ಮವಾಗುತ್ತದೆ: ದಂಡವೇ ಬೇಕಾಗದಂತೆ ಮನೆಯನ್ನು ಕಟ್ಟುವುದು ದಂಡನೀತಿಯ ಮೊದಲ ಪಾಠ.

ಇನ್ನು ಹಸಿವು. ಬೇಟೆಗಾರ ಮೀನಿನ ಬಾಯಿಗೆ ಹಿಡಿಯುವ ಯಾವ ಮೀನೂ ಅದರ ಆಹಾರವೇ. ಅಂಗಡಿಯಿಂದ ಹೆಬ್ಬೆರಳಿನಷ್ಟು ತಂದ ಗ್ರೂಪರ್ ಬೇಗನೆ ಬೆಳೆದು ಒಂದೆರಡು ವರ್ಷಗಳಲ್ಲಿ ತನ್ನ ಜೊತೆಗಾರನನ್ನು ನುಂಗಿದರೆ ಅದನ್ನು ದ್ರೋಹವೆನ್ನುವುದು ಹಾಸ್ಯಾಸ್ಪದ. ಅದರ ಬೆಳವಣಿಗೆಯನ್ನು ಮುಂದಾಗಿ ಅರಿಯದೆ ಕೊಂಡುತಂದವನ ಅವಿವೇಕವೇ ಅಲ್ಲಿ ಕಾರಣ. ಕೊಡವು ಸಾಲದಾದಾಗ ಹೊಂಡ, ಹೊಂಡವು ಸಾಲದಾದಾಗ ಕಡಲು ಎಂಬುದನ್ನು ಮನುವಿನ ಮೀನು ಮೊದಲ ದಿನವೇ ಹೇಳಿತ್ತು. ಇಂದಿನ ಮೀನಿಗೆ ಮಾತಿಲ್ಲವಾದುದರಿಂದ ಆ ಲೆಕ್ಕವನ್ನು ಸಾಕುವವನೇ ಹಾಕಿಕೊಳ್ಳಬೇಕಾಗಿದೆ.

ಆಹಾರದ ವಿಷಯದಲ್ಲಿ ಬಹುಕಾಲದಿಂದ ನಡೆದುಬಂದ ಒಂದು ದುರಭ್ಯಾಸವುಂಟು. ಅಗ್ಗವಾಗಿ ದೊರೆಯುವ ಜೀವಂತ ಚಿನ್ನದ ಮೀನುಗಳನ್ನು ತಂದು ತೊಟ್ಟಿಯೊಳಕ್ಕೆ ಸುರಿದು, ಸಿಂಹಮೀನು ಅವನ್ನು ಬೆನ್ನಟ್ಟಿ ನುಂಗುವುದನ್ನು ಅತಿಥಿಗಳಿಗೆ ತೋರಿಸುವುದು. ಅದು ಸ್ವಾಭಾವಿಕ ಆಹಾರವೆಂದು ಸಮರ್ಥನೆ ಹೇಳುವರು. ವಸ್ತುಸ್ಥಿತಿ ಹಾಗಿಲ್ಲ. ಚಿನ್ನದ ಮೀನು ಸಿಹಿನೀರಿನ ಗೆಂಡೆಯ ಕುಲಕ್ಕೆ ಸೇರಿದುದು. ಕಡಲಿನ ಬೇಟೆಗಾರನಿಗೆ ಅದು ಎಂದೂ ಎದುರಾಗುವಂಥದಲ್ಲ. ಕಡಲಿನ ಮೀನಿಗೆ ಅವಶ್ಯವಾದ ಕೆಲವು ಕೊಬ್ಬಿನ ಅಂಶಗಳು ಅದರಲ್ಲಿ ಕಡಮೆ. ಅದಲ್ಲದೆ ಅದರ ಮೈಯಲ್ಲಿ ಬಿ-೧ ಜೀವಸತ್ವವನ್ನು ಒಡೆದು ನಾಶಮಾಡುವ ಥಯಾಮಿನೇಸ್ ಎಂಬ ದ್ರವ್ಯವಿದೆ. ೧೯೩೦ರ ದಶಕದಲ್ಲಿ ಅಮೆರಿಕದಲ್ಲಿ ತುಪ್ಪಟಕ್ಕಾಗಿ ಸಾಕುತ್ತಿದ್ದ ನರಿಗಳಿಗೆ ಹಸಿಯ ಗೆಂಡೆಮೀನನ್ನು ತಿನ್ನಿಸಿದಾಗ ಅವು ಕಾಲುಗಳ ಸ್ವಾಧೀನ ತಪ್ಪಿ ಸತ್ತವು. ಆ ರೋಗದ ಮೂಲವನ್ನು ಹುಡುಕುತ್ತ ಹೋದಾಗ ಈ ದ್ರವ್ಯವು ಪತ್ತೆಯಾಯಿತು. ಇದೊಂದನ್ನೇ ತಿಂದು ಬೆಳೆದ ಬೇಟೆಮೀನು ಹೊರಗೆ ಪುಷ್ಟವಾಗಿ ಕಂಡರೂ ಯಕೃತ್ತಿನಲ್ಲಿ ಕೊಬ್ಬು ತುಂಬಿ, ನರಗಳು ಕೆಟ್ಟು, ಅಕಾಲದಲ್ಲಿ ಸಾಯುತ್ತದೆ. ಆದುದರಿಂದ ಈ ಆಟದಲ್ಲಿ ನುಂಗಿಸಿಕೊಂಡದ್ದೂ ನುಂಗಿದ್ದೂ ಎರಡೂ ಹಾಳಾಗುತ್ತವೆ. ಲಾಭವೆಂಬುದು ನೋಡುವವನ ಕಣ್ಣಿಗೆ ಮಾತ್ರ, ಅದೂ ಎಂತಹ ಲಾಭವೆಂದು ಹೇಳುವುದು ಕಷ್ಟ.

ಸರಿಯಾದ ಕ್ರಮವು ನಿಧಾನವಾದುದು. ಸೀಗಡಿ, ಬೊಂಡಾಸು, ಏಡಿಯ ಮಾಂಸ, ಕಡಲಿನ ಮೀನಿನ ತುಂಡು, ಇವನ್ನು ಬದಲಿಸಿ ಬದಲಿಸಿ ಕೊಡಬೇಕು. ಅಲುಗಾಡದ ವಸ್ತುವನ್ನು ಆಹಾರವೆಂದೇ ತಿಳಿಯದ ಸಿಂಹಮೀನಿಗೆ, ಕಡ್ಡಿಯ ತುದಿಗೆ ತುಂಡನ್ನು ಸಿಕ್ಕಿಸಿ ಅದರ ಕಣ್ಣೆದುರಿಗೆ ಮೆಲ್ಲಮೆಲ್ಲನೆ ಆಡಿಸುತ್ತ ದಿನಗಟ್ಟಲೆ ರೂಢಿಮಾಡಿಸಬೇಕು. ಮೊರೇ ಮೀನಿಗೆ ದೃಷ್ಟಿ ಮಂದ, ವಾಸನೆಯೇ ದಾರಿ, ಕೈಯಿಂದ ಉಣಿಸಹೋದರೆ ಬೆರಳಿಗೂ ತುಂಡಿಗೂ ಅದು ಭೇದವೆಣಿಸದು, ಇಕ್ಕಳದಿಂದಲೇ ಕೊಡಬೇಕು. ಬೆಳೆದ ಬೇಟೆಮೀನಿಗೆ ದಿನವೂ ಊಟ ಬೇಡ. ಸಿಂಹಮೀನಿಗೆ ವಾರದಲ್ಲಿ ಎರಡು ಮೂರು ಸಲ ಸಾಕು. ಕಡಲಿನಲ್ಲಿ ಅದು ವಾರಗಟ್ಟಲೆ ಉಪವಾಸವನ್ನು ತಾಳಬಲ್ಲ ಪ್ರಾಣಿ. ಆದರೂ ಅದು ಗಾಜಿನ ಹತ್ತಿರ ಬಂದು ಬಾಯಿ ತೆರೆದಾಗಲೆಲ್ಲ ಮನೆಯವರ ಕೈ ಆಹಾರದ ಡಬ್ಬಿಗೆ ಹೋಗುತ್ತದೆ. ಕೊಡುವ ಸಂತೋಷವು ಕೊಡುವವನದು. ಅದರ ಫಲವನ್ನು ತೊಟ್ಟಿಯೆಲ್ಲ ಉಣ್ಣಬೇಕು. ಹೆಚ್ಚಾದ ಆಹಾರವೂ ಮಲವೂ ಕೊಳೆತು ಅಮೋನಿಯಾ ಆಗುತ್ತದೆ. ಕಡಲ ನೀರಿನ ಕ್ಷಾರಗುಣದಲ್ಲಿ ಅದರ ವಿಷವು ಇನ್ನಷ್ಟು ತೀವ್ರ. ಅದನ್ನು ನೈಟ್ರೈಟು, ನೈಟ್ರೇಟುಗಳನ್ನಾಗಿ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲಿನಲ್ಲಿಯೂ ಮರಳಿನಲ್ಲಿಯೂ ಇದ್ದರೂ ಅವುಗಳ ಶಕ್ತಿಗೆ ಮಿತಿಯುಂಟು. ಒಂದು ಮೀನಿನ ಅತಿಭೋಜನವು ಎಲ್ಲ ಮೀನುಗಳ ಉಸಿರಿಗೆ ವಿಷವಾಗುತ್ತದೆ. ದಯೆಯೂ ಅಳತೆಯನ್ನು ಬೇಡುತ್ತದೆಂಬುದಕ್ಕೆ ಇದಕ್ಕಿಂತ ನೇರವಾದ ನಿದರ್ಶನವು ಬೇಕಿಲ್ಲ.

ಇಲ್ಲಿ ಅಹಿಂಸಾಪರನಾದ ವಾಚಕನು ಒಂದು ಆಕ್ಷೇಪವನ್ನೆತ್ತಬಹುದು. ಜೀವಂತ ಮೀನನ್ನು ಕೊಡದೆ ಸತ್ತ ಸೀಗಡಿಯನ್ನು ಕೊಟ್ಟಮಾತ್ರಕ್ಕೆ ಹಿಂಸೆ ತಪ್ಪಿತೇ? ತಪ್ಪಲಿಲ್ಲವೆಂಬುದು ನೇರವಾದ ಉತ್ತರ. ಪಾರಿವಾಳವನ್ನು ಉಳಿಸಿದ ಶಿಬಿಯನ್ನು ಗಿಡುಗವು ಕೇಳಿದ ಪ್ರಶ್ನೆಯೂ ಇದೇ: ಇದರ ಪ್ರಾಣವನ್ನು ಕಾದೆ, ಹಸಿದ ನನ್ನ ಪ್ರಾಣದ ಗತಿಯೇನು? ಶಿಬಿ ಆ ಪ್ರಶ್ನೆಯನ್ನು ತಳ್ಳಿಹಾಕಲಿಲ್ಲ. ಬೆಲೆಯನ್ನು ತನ್ನ ತೊಡೆಯಿಂದ ತೆತ್ತನು. ಕನ್ನಡಿಗರ ಮನೆಮನೆಯಲ್ಲಿ ಹಾಡುವ ಪುಣ್ಯಕೋಟಿಯ ಕಥೆಯಲ್ಲಿ ಹುಲಿಯು ಹಸುವಿನ ಸತ್ಯಕ್ಕೆ ಸೋತು ತಿನ್ನಲೊಲ್ಲದೆ ಪ್ರಾಣವನ್ನೇ ನೀಗಿತು. ಆ ಕಥೆಯು ಹೃದಯವನ್ನು ಕರಗಿಸುವಂಥದು. ಆದರೆ ಅದರೊಳಗೊಂದು ಕಠಿನವಾದ ಸತ್ಯವೂ ಇದೆ. ಹುಲಿಗೆ ಹುಲ್ಲು ತಿಂದು ಬದುಕುವ ದಾರಿಯು ಇರಲಿಲ್ಲ. ಒಳ್ಳೆಯದಾಗಬೇಕಾದರೆ ಅದು ಸಾಯಲೇಬೇಕಾಯಿತು. ಮೀನಿನಿಂದ ಅಂತಹ ತ್ಯಾಗವನ್ನು ಯಾರೂ ನಿರೀಕ್ಷಿಸಲಾಗದು. ಬೇಟೆಮೀನನ್ನು ಮನೆಗೆ ತಂದವನು ಅದರ ಬಾಯಿಯನ್ನೂ ತಂದಿದ್ದಾನೆ. ಪ್ರತಿವಾರವೂ ಕೆಲವು ಪ್ರಾಣಗಳನ್ನು ಅದಕ್ಕೆ ಸಲ್ಲಿಸುವ ಕರಾರಿಗೆ ರುಜು ಹಾಕಿದ್ದಾನೆ. ಆ ಹಿಂಸೆಯನ್ನು ಕಡಮೆ ಮಾಡಬಹುದು, ವಿನೋದವಾಗದಂತೆ ತಡೆಯಬಹುದು, ಇಲ್ಲವೆಂದು ಹೇಳಿಕೊಳ್ಳಲಾಗದು. ಅದನ್ನು ಒಲ್ಲದವನು ಅಂತಹ ಮೀನನ್ನು ತರದಿರುವುದೇ ಲೇಸು.

ಇದಕ್ಕೂ ಹಿಂದಿನ ಇನ್ನೊಂದು ಪ್ರಶ್ನೆಯಿದೆ. ಹಾಗಾದರೆ ಸಾಕುವುದೇ ಅಧರ್ಮವೋ? ಎರಡು ಪಕ್ಷಗಳಿಗೂ ಬಲವುಂಟು. ಕಡಲ ತಳವನ್ನು ಕಾಣುವ ಭಾಗ್ಯವಿಲ್ಲದ ಲಕ್ಷಾಂತರ ಜನರಿಗೆ ಆ ಲೋಕದ ಮೇಲೆ ಅಕ್ಕರೆಯನ್ನು ಹುಟ್ಟಿಸಿದುದು ಗಾಜಿನ ತೊಟ್ಟಿಯೇ. ಮೀನುಗಳ ನಡತೆಯನ್ನು ಕುರಿತು ಈಗ ತಿಳಿದಿರುವುದರಲ್ಲಿ ಬಹುಭಾಗವು ತೊಟ್ಟಿಯ ಮುಂದೆ ಕುಳಿತವರು ಕಂಡುದು. ಇನ್ನೊಂದು ಕಡೆ, ಹವಳದ ಬಂಡೆಯ ಅಲಂಕಾರದ ಮೀನುಗಳಲ್ಲಿ ಹೆಚ್ಚಿನವು ಇಂದಿಗೂ ಕಡಲಿನಿಂದಲೇ ಹಿಡಿದುತಂದವು. ತೊಟ್ಟಿಯಲ್ಲಿಯೇ ಮರಿಮಾಡಿಸಿ ಬೆಳೆಸಬಲ್ಲ ಜಾತಿಗಳು ಕೆಲವೇ, ಅವುಗಳಲ್ಲಿ ಈ ಬೇಟೆಗಾರರು ವಿರಳ. ಫಿಲಿಪ್ಪೀನ್ಸಿನಲ್ಲಿ ೧೯೬೦ರ ದಶಕದಿಂದ ಸಯನೈಡ್ ವಿಷವನ್ನು ಬಂಡೆಯ ಸಂದಿಗೆ ಚಿಮ್ಮಿಸಿ ಮೀನುಗಳನ್ನು ಮೂರ್ಛೆಗೊಳಿಸಿ ಹಿಡಿಯುವ ಪದ್ಧತಿಯು ಬೆಳೆದು, ಮೀನಿನೊಡನೆ ಹವಳವನ್ನೂ ಕೊಂದಿತು. ಒಂದು ಮೀನು ಪಡಸಾಲೆಗೆ ಬಂದು ಸೇರುವ ಹಾದಿಯಲ್ಲಿ ಕಾಣದೆ ಸತ್ತವು ಎಷ್ಟೋ. ಇಂತಹ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಉತ್ತರವಿಲ್ಲವಾದರೂ, ಪ್ರಶ್ನೆಯನ್ನು ಕೇಳದೆ ಕೊಂಡುತರುವುದು ತಪ್ಪೆಂಬುದರಲ್ಲಿ ಸಂಶಯವಿಲ್ಲ.

ಸಾಕಲಾರದಾದಾಗ ಕಡಲಿಗೆ ಬಿಟ್ಟುಬಿಟ್ಟರೆ ಪಾಪಪರಿಹಾರವಾಗುವುದೆಂದು ಕೆಲವರು ತಿಳಿದಿದ್ದಾರೆ. ಅದಕ್ಕೆ ಲೋಕವು ತೆತ್ತ ಬೆಲೆಯನ್ನು ಕೇಳಬೇಕು. ಹಿಂದೂಸಾಗರಕ್ಕೂ ಶಾಂತಸಾಗರಕ್ಕೂ ಸೇರಿದ ಸಿಂಹಮೀನು ೧೯೮೫ರಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಫ್ಲಾರಿಡಾದ ಬಳಿ ಕಂಡುಬಂದಿತು. ತೊಟ್ಟಿಗಳಿಂದ ಬಿಟ್ಟ ಮೀನುಗಳೇ ಅದಕ್ಕೆ ಮೂಲವೆಂಬುದು ತಜ್ಞರ ಅಭಿಪ್ರಾಯ. ಅಲ್ಲಿಯ ಕಿರುಮೀನುಗಳಿಗೆ ಈ ಬೇಟೆಗಾರನ ಪರಿಚಯವಿರಲಿಲ್ಲ. ದೊಡ್ಡ ಮೀನುಗಳು ಅದನ್ನು ಹಿಡಿಯಲಿಲ್ಲ. ಕ್ರಮೇಣ ಅದು ಕೆರಿಬಿಯನ್ ಕಡಲನ್ನೆಲ್ಲ ವ್ಯಾಪಿಸಿತು. ಬಹಾಮಾ ದ್ವೀಪಗಳಲ್ಲಿ ಮಾರ್ಕ್ ಆಲ್ಬಿನ್ಸ್ ಮತ್ತು ಮಾರ್ಕ್ ಹಿಕ್ಸನ್ ಎಂಬವರು ನಡೆಸಿ ೨೦೦೮ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಂಹಮೀನಿದ್ದ ಬಂಡೆಗಳಿಗೆ ಹೊಸದಾಗಿ ಬಂದು ಸೇರುವ ಸ್ಥಳೀಯ ಮರಿಮೀನುಗಳ ಸಂಖ್ಯೆಯು ಸರಾಸರಿ ನೂರಕ್ಕೆ ೭೯ರಷ್ಟು ಇಳಿದಿತ್ತು. ಮನು ತನ್ನ ಮೀನನ್ನು ಕಡಲಿಗೆ ಬಿಟ್ಟನು, ನಿಜ. ಆದರೆ ಅದು ಆ ಮೀನೇ ಕೇಳಿದ ನೆಲೆ. ಯಾವುದೋ ಕಡಲಿನದನ್ನು ಯಾವುದೋ ಕಡಲಿಗೆ ಸುರಿದು ಕೈತೊಳೆದುಕೊಳ್ಳುವುದು ಬಿಡುಗಡೆಯಲ್ಲ. ಒಬ್ಬನ ಭಾರವನ್ನು ಸಾವಿರ ಜೀವಿಗಳ ತಲೆಯ ಮೇಲೆ ಹೊರಿಸುವುದು.

ಕಡೆಯದಾಗಿ, ಉಪಮಾನದ ವಿಷಯದಲ್ಲಿಯೂ ಒಂದು ಮಾತನ್ನು ಹೇಳಬೇಕಾಗಿದೆ. ಮೀನಿನ ಲೋಕದಲ್ಲಿ ನುಂಗುವುದೊಂದೇ ನ್ಯಾಯವೆಂದು ಪ್ರಾಚೀನರು ಭಾವಿಸಿದರು. ದಂಡೆಯ ಮೇಲೆ ನಿಂತವರಿಗೆ ಕಂಡಷ್ಟೇ ಅವರ ಮಾತಿಗೆ ಆಧಾರ. ನೀರಿನೊಳಗಿಳಿದು ನೋಡಿದವರು ಬೇರೆಯದನ್ನೂ ಕಂಡಿದ್ದಾರೆ. ಹವಳದ ಬಂಡೆಗಳಲ್ಲಿ ಬೆರಳುದ್ದದ, ನೀಲಿ ಪಟ್ಟೆಯ ಒಂದು ಶುಚಿಕಾರ ಮೀನುಂಟು. ದೊಡ್ಡ ದೊಡ್ಡ ಗ್ರೂಪರುಗಳು ಅದರ ಠಾವಿಗೆ ಬಂದು ಬಾಯಿ ತೆರೆದು ನಿಲ್ಲುತ್ತವೆ. ಅದು ಬಾಯೊಳಗೆ ಹೊಕ್ಕು, ಕಿವಿರುಗಳಲ್ಲಿ ಅಂಟಿದ ಪರೋಪಜೀವಿಗಳನ್ನು ಹೆಕ್ಕಿ ತಿಂದು ಕ್ಷೇಮವಾಗಿ ಹೊರಗೆ ಬರುತ್ತದೆ. ನುಂಗಲು ಅನುಕೂಲವಾದ ಬಾಯಿ ಅಲ್ಲಿ ನುಂಗುವುದಿಲ್ಲ. ಕೆಂಪುಸಮುದ್ರದಲ್ಲಿ ರೆದುವಾನ್ ಬ್ಷಾರಿ ಮತ್ತು ಅವರ ಸಂಗಡಿಗರು ೨೦೦೬ರಲ್ಲಿ ವರದಿಮಾಡಿದಂತೆ, ಗ್ರೂಪರ್ ಮೀನು ಮೊರೇಯ ಗುಹೆಯ ಮುಂದೆ ನಿಂತು ತಲೆಯನ್ನಲ್ಲಾಡಿಸಿ ಅದನ್ನು ಬೇಟೆಗೆ ಕರೆಯುತ್ತದೆ. ಒಂದು ಬಯಲಿನಲ್ಲಿ, ಒಂದು ಸಂದಿಯಲ್ಲಿ, ಎರಡೂ ಕೂಡಿ ಬೇಟೆಯಾಡುತ್ತವೆ. ಆದುದರಿಂದ ಕಡಲಿನ ನಿಜವಾದ ಮತ್ಸ್ಯನ್ಯಾಯದಲ್ಲಿ ಹಸಿವಿದೆ, ಎಲ್ಲೆಯಿದೆ, ಓಡಲು ದಾರಿಯಿದೆ, ಒಪ್ಪಂದವೂ ಇದೆ. ಇವುಗಳಲ್ಲಿ ಹಸಿವೊಂದನ್ನು ಉಳಿಸಿ ಮಿಕ್ಕುದನ್ನು ಕಿತ್ತುಕೊಂಡಾಗ ಉಂಟಾಗುವ ಸ್ಥಿತಿಗೇ ಶಾಸ್ತ್ರಕಾರರ ಮತ್ಸ್ಯನ್ಯಾಯವೆಂಬ ಹೆಸರು ಒಪ್ಪುವುದು. ಅದನ್ನು ಕಾಣಬೇಕಾದರೆ ಕಡಲಿಗೆ ಹೋಗಬೇಕಾದುದಿಲ್ಲ. ಕೆಟ್ಟದಾಗಿ ಸಾಕಿದ ಒಂದು ತೊಟ್ಟಿಯನ್ನು ನೋಡಿದರೆ ಸಾಕು.

ಗೋಡೆಯನ್ನು ಕಟ್ಟುವವರು ಮತ್ಸ್ಯಪಾಲಕರು ಮಾತ್ರವಲ್ಲ. ಮನೆಯ ಯಜಮಾನ, ಪಾಠಶಾಲೆಯ ಉಪಾಧ್ಯಾಯ, ಸೆರೆಮನೆಯ ಅಧಿಕಾರಿ, ನಾಡಿನ ದೊರೆ, ಇವರೆಲ್ಲರೂ ಒಂದಲ್ಲ ಒಂದು ಬಗೆಯ ಗೋಡೆಯೊಳಗೆ ಅನ್ಯರನ್ನು ಕೂಡಿಸಿದವರೇ. ಅಲ್ಲಿ ಜಗಳವೆದ್ದಾಗ, ಬಲವಿಲ್ಲದವನು ಮೂಲೆ ಸೇರಿದಾಗ, ಜನರ ಸ್ವಭಾವವೇ ಅಂಥದೆಂದು ಹೇಳುವುದು ಸುಲಭ. ಸ್ವಭಾವವು ಅಂಥದೇ ಇರಬಹುದು. ಆದರೆ ಓಡಿಹೋಗುವ ದಾರಿಯನ್ನು ಮುಚ್ಚಿದವನು ಅಡಗಿಕೊಳ್ಳಲು ಸಂದಿಯನ್ನು ಕೊಟ್ಟನೇ, ಹಸಿವಿಗೆ ಮುಂಚಿತವಾಗಿ ಅನ್ನವನ್ನು ಒದಗಿಸಿದನೇ, ಬೆಳೆಯುವುದಕ್ಕೆ ತಾವನ್ನು ಲೆಕ್ಕಹಾಕಿದನೇ ಎಂಬ ಪ್ರಶ್ನೆಗಳಿಗೆ ಉತ್ತರ ಕೊಟ್ಟಮೇಲೆಯೇ ಅವನು ಸ್ವಭಾವದ ಮಾತನ್ನೆತ್ತಲು ಅಧಿಕಾರಿಯಾಗುತ್ತಾನೆ.